ತಡೆದ ಪುಟಗಳ ರಿಜಿಸ್ಟರ್

4 ಜೂನ್ 2007, ಸೋಮವಾರ

ಫ್ಯಾಕ್ಟರಿ ಸೊಸೈಟಿಯಿಂದ ವರ್ಷಕ್ಕೊಂದು ಡೈರಿ ಕೊಡುತ್ತಾರೆ. ಇವರು ಅದನ್ನು ತಂದು ಟಿ.ವಿ. ಮೇಲೆ ಇಟ್ಟರೆ ಮಗಳು ಅಮೂಲ್ಯ ಎತ್ತಿಕೊಂಡು ಹೋಗುತ್ತಿದ್ದಳು. ಈ ವರ್ಷ ಡೈರಿ ತಡವಾಗಿ ಬಂತು. ಬಂದಾಗ ಅವಳಿರಲಿಲ್ಲ. ಅಲ್ಲೇ ಧೂಳು ಹಿಡಿದಿತ್ತು. ಇವತ್ತು ನಾನು ಎತ್ತಿಕೊಂಡೆ.

ಸ್ಕೂಲು ಶುರುವಾಯಿತು. ಹನ್ನೊಂದು ವರ್ಷದಿಂದ ಬೀಗ ತೆಗೆಯುವವಳು, ಗಂಟೆ ಹೊಡೆಯುವವಳು ನಾನೇ. ಕಂಪ್ಯೂಟರ್ ರೂಮಿನ ಬೀಗ ಮಾತ್ರ ಜನವರಿಯಿಂದ ತೆಗೆದಿರಲಿಲ್ಲ. ಇವತ್ತು ಸ್ಕೂಲು ಕಮಿಟಿಯ ಕಾರ್ಯದರ್ಶಿ ಷಡಕ್ಷರಪ್ಪನವರು ಬಟ್ಟೆ ಅಂಗಡಿ ಬಿಟ್ಟು ತಾವೇ ಬಂದು ತೆಗೆಸಿದರು. ಬಾಗಿಲ ಮೇಲೆ ಹೊಸ ಹಲಗೆ, ಹಳದಿ ಬಣ್ಣ, ನೀಲಿ ಅಕ್ಷರ: 'ಅಮೂಲ್ಯ ಸುರಕ್ಷಾ ಕವಚ'.

ಪ್ರಾರ್ಥನೆ ಆದ ಮೇಲೆ ಮಕ್ಕಳಿಗೆ ಹೇಳಿದರು. ಶಿವಮೊಗ್ಗದ ಜ್ಞಾನೇಶ್ ಎಂಬುವವರು ಫಿಲ್ಟರ್ ಹಾಕಿದ್ದಾರೆ, ಇನ್ನು ಮೇಲೆ ಬೇಡದ್ದು ಯಾವುದೂ ಇಂಟರ್ನೆಟ್ಟಿನಲ್ಲಿ ತೆರೆಯುವುದಿಲ್ಲ ಎಂದು. "ನಮ್ಮ ಅಮೂಲ್ಯಂಗೆ ಆದದ್ದು ಇನ್ಯಾವ ಮಗೂಗೂ ಆಗಬಾರದು" ಅಂದರು. ಒಂದು ನಿಮಿಷ ಎಲ್ಲರೂ ಸುಮ್ಮನೆ ನಿಂತರು. ನಾನು ಗಂಟೆಯ ಪಕ್ಕ ನಿಂತಿದ್ದೆ.

ಆದದ್ದು ಇಷ್ಟು. ಜನವರಿ ಹದಿನೆಂಟು, ಗುರುವಾರ, ಯೂನಿಫಾರಂ ಹಾಕಿಕೊಂಡು ಸ್ಕೂಲಿಗೆಂದು ಹೊರಟವಳು ಸ್ಕೂಲಿಗೆ ಬರಲಿಲ್ಲ. ಮಧ್ಯಾಹ್ನ ಶಿವಮೊಗ್ಗದ ಆಚೆ, ನವುಲೆಯಲ್ಲಿ, ರಸ್ತೆ ದಾಟುವಾಗ ಲಾರಿ ಬಡಿಯಿತು. ಅಲ್ಲಿಗೆ ಯಾಕೆ ಹೋಗಿದ್ದಳೆಂದು ಯಾರಿಗೂ ಗೊತ್ತಿಲ್ಲ. ಕಂಪ್ಯೂಟರಿನಲ್ಲಿ ಯಾರನ್ನೋ ಪರಿಚಯ ಮಾಡಿಕೊಂಡು ಅವನನ್ನು ನೋಡಲು ಹೋಗಿದ್ದಳು ಎಂದು ಭದ್ರಾವತಿಯ ಓಲ್ಡ್ ಟೌನ್ ಪೂರ್ತಿ ಹೇಳಿತು. ನಾನು ಯಾರನ್ನೂ ಏನೂ ಕೇಳಲಿಲ್ಲ. ಕೇಳಿದರೆ ಉತ್ತರ ಸಿಕ್ಕಿಬಿಡಬಹುದು.

ಮುಚ್ಚಲಿ. ಎಲ್ಲ ಮುಚ್ಚಲಿ.

ಹಿತ್ತಿಲ ಗೋಡೆಯ ತೂತಿನಲ್ಲಿ ಮತ್ತೆ ಆ ಕರಿ ಸಣ್ಣ ನೊಣಗಳು. ಸಿಮೆಂಟ್ ಕಲಸಿ ಮುಚ್ಚಿ ಎಂದು ಇವರಿಗೆ ಹೇಳಿದೆ. "ಭಾನುವಾರ ಮುಚ್ತೀನಿ ಮಾರಾಯ್ತಿ" ಅಂದರು.

12 ಜೂನ್, ಮಂಗಳವಾರ

ಎಂಟು ದಿನದಿಂದ ಹಲಗೆಯನ್ನು ದಿನಾ ಒರೆಸುತ್ತೇನೆ. ಒದ್ದೆ ಬಟ್ಟೆಯಲ್ಲಿ ಒಂದು ಸಲ, ಒಣ ಬಟ್ಟೆಯಲ್ಲಿ ಒಂದು ಸಲ.

ತಡೆದ ಪುಟ ಬಂದರೆ ಪರದೆಯ ಮೇಲೆ ಒಂದು ಕೆಂಪು ಕೈ ಬರುತ್ತದೆ, ಕೆಳಗೆ ಅವಳ ಹೆಸರು. ಇವತ್ತು ಒಂಬತ್ತನೇ ಕ್ಲಾಸಿನ ಶರಾವತಿ ಏಳನೇ ನಂಬರಿನ ಕಂಪ್ಯೂಟರ್ ಮುಂದೆ ಕೂತಿದ್ದಳು. ಇದ್ದಕ್ಕಿದ್ದಂತೆ ಪಕ್ಕದವಳಿಗೆ, "ಥೂ, ನಂದಕ್ಕೂ ಅಮೂಲ್ಯ ಬಂತು ಕಣೇ" ಅಂದಳು.

"ನಂಗೆ ಬೆಳಗ್ಗೆಯಿಂದ ಮೂರು ಸಲ ಅಮೂಲ್ಯ" ಎಂದು ಪಕ್ಕದವಳು ನಕ್ಕಳು.

ಆಮೇಲೆ ನಾನು ಬಾಗಿಲಲ್ಲಿ ನಿಂತಿರುವುದನ್ನು ಇಬ್ಬರೂ ನೋಡಿದರು.

ಮಕ್ಕಳದು ತಪ್ಪಿಲ್ಲ. ಅಡ್ಡ ಬರುವುದಕ್ಕೆ ಅವರಿಗೆ ಒಂದು ಹೆಸರು ಬೇಕಿತ್ತು, ಬರೆದು ಕೊಟ್ಟಿದ್ದಾರೆ. ಸಂಜೆ ಶರಾವತಿ ನೀರಿನ ಟ್ಯಾಂಕಿನ ಹತ್ತಿರ ಬಂದು "ತಪ್ಪಾಯ್ತು ರಾಜಕ್ಕಾ" ಅಂದಳು. ಬಸ್ಸಿಗೆ ಹೊತ್ತಾಗುತ್ತೆ ಹೋಗು ಅಂದೆ. ಅವಳು ಹೊಳೆಹೊನ್ನೂರಿನಿಂದ ಬರುವವಳು.

13 ಜೂನ್

ಹಲಗೆ ಒರೆಸಲಿಲ್ಲ.

22 ಜೂನ್, ಶುಕ್ರವಾರ

ಸ್ಟಾಫ್ ರೂಮಿಗೆ ಟೀ ತೆಗೆದುಕೊಂಡು ಹೋದಾಗ ವಿಜ್ಞಾನದ ಸತ್ಯಭಾಮಾ ಮಿಸ್ಸು ಹೆಡ್‌ಮಾಸ್ಟರ್ ವೆಂಕಟಾಚಲ ಅವರ ಮುಂದೆ ನಿಂತು ಮಾತಾಡುತ್ತಿದ್ದರು. ಒಂಬತ್ತನೇ ಕ್ಲಾಸಿಗೆ ಪರಾಗಸ್ಪರ್ಶದ ಮೇಲೆ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಶಿವಮೊಗ್ಗದಲ್ಲಿ ವಸ್ತುಪ್ರದರ್ಶನ ಇದೆಯಂತೆ.

"ಹೂವಿನ ಸಂತಾನೋತ್ಪತ್ತಿ ತೆರೆಯಲ್ಲ ಸಾರ್. ಹೂವಿಂದು. ದಾಸವಾಳದ್ದು. ಹೋಗಲಿ ಅಂದ್ರೆ ಜೇನುಹುಳದ ಪುಟ ಒಂದೂ ತೆರೆಯಲ್ಲ. ಜೇನು ಏನ್ ಪಾಪ ಮಾಡಿತ್ತು?"

"ಷಡಕ್ಷರಪ್ಪನವರನ್ನ ಕೇಳಿದ್ರಾ?"

"ಕೇಳಿದೆ. ಅವರ ಸಹಿ ಇಲ್ಲದೆ ಒಂದು ಪುಟಾನೂ ತೆರೆಯಬಾರದು ಅಂತ ಜ್ಞಾನೇಶ್ ಅವರಿಗೆ ಹೇಳಿಬಿಟ್ಟಿದ್ದಾರಂತೆ. ಹದಿನಾಲ್ಕು ಜನ ಹೆಣ್ಣುಮಕ್ಕಳ ಟಿ.ಸಿ. ತಂದೆತಾಯಿಗಳು ತಗೊಂಡು ಹೋದ್ರು, ನಿಮಗೆ ಹುಳ ಬೇಕಾ ಅಂದ್ರು."

ಹೆಡ್‌ಮಾಸ್ಟರಿಗೆ ಬರುವ ಮಾರ್ಚಿಗೆ ನಿವೃತ್ತಿ. ಯಾರ ಜೊತೆಗೂ ಜಗಳ ಆಡುವವರಲ್ಲ. ಟೀ ಕುಡಿದು ಕಪ್ಪು ಕೆಳಗಿಟ್ಟು, "ಬಾಯಲ್ಲಿ ಕೇಳಿದ್ದಕ್ಕೆ ಬಾಯಲ್ಲೇ ಇಲ್ಲ ಅಂತಾರೆ. ರಿಜಿಸ್ಟರ್ ಇಡೋಣ" ಅಂದರು. "ರಾಜಮ್ಮಾ, ನಿಮ್ಮ ಅಕ್ಷರ ದುಂಡಗಿದೆ. ಯಾವ ಮಗು, ಯಾವ ಪುಟ, ಯಾಕೆ ಬೇಕಿತ್ತು, ದಿನಾ ಬರೀತಾ ಹೋಗಿ. ಕೊನೇ ಕಾಲಂ ಖಾಲಿ ಬಿಡಿ."

ನನಗೆ ಬೇಡವಾಗಿತ್ತು. "ಸಾರ್, ಬೇರೆ ಯಾರಾದ್ರೂ…" ಅಂದೆ.

"ಕಂಪ್ಯೂಟರ್ ರೂಮಲ್ಲಿ ಇರೋರು ನೀವು" ಅಂದರು, ಅಷ್ಟೇ.

ನಾನು ಎಸ್.ಎಸ್.ಎಲ್.ಸಿ. ಪಾಸು. ಕಾಲಂ ಎಳೆಯುವುದು ಬರುತ್ತದೆ. 'ಈ ಪುಸ್ತಕದಲ್ಲಿ ಒಂದು ನೂರು ಪುಟಗಳಿವೆ' ಎಂದು ಹೆಡ್‌ಮಾಸ್ಟರು ಮೊದಲ ಹಾಳೆಯಲ್ಲಿ ಬರೆದು ಸಹಿ ಮಾಡಿ ಮೊಹರು ಒತ್ತಿದರು. ಕೊನೆಯ ಕಾಲಮ್ಮಿನ ತಲೆಯಲ್ಲಿ ತಾವೇ ಬರೆದರು: 'ತೆರೆಯಲು ಕಾರ್ಯದರ್ಶಿಗಳ ಅನುಮತಿ'.

30 ಜೂನ್, ಶನಿವಾರ

ತಿಂಗಳ ಕೊನೆಯ ಶನಿವಾರ ಕಾರ್ಯದರ್ಶಿಗಳು ರಿಜಿಸ್ಟರುಗಳಿಗೆ ಸಹಿ ಹಾಕುವ ದಿನ. ಹಾಜರಿ, ಬಿಸಿಯೂಟ, ಸೀಮೆಸುಣ್ಣ, ಲೈಬ್ರರಿ, ಎಲ್ಲವನ್ನೂ ಮೇಜಿನ ಮೇಲೆ ಪೇರಿಸಿ ಕೊಡುವುದು ನಾನು. ಅವರು ಫೋನಿನಲ್ಲಿ ಸೀರೆ ಸ್ಟಾಕಿನ ಮಾತಾಡುತ್ತಾ ಒಂದೊಂದೇ ಹಾಳೆ ತಿರುವಿ 'ಅನುಮೋದಿಸಿದೆ' ಎಂದು ಬರೆದು ಸಹಿ ಹಾಕುತ್ತಾರೆ. ಹನ್ನೊಂದು ವರ್ಷದಿಂದ ನೋಡಿದ್ದೇನೆ, ಓದಿದ್ದನ್ನು ನೋಡಿಲ್ಲ.

ಬಿಸಿಯೂಟ ಮತ್ತು ಸೀಮೆಸುಣ್ಣದ ನಡುವೆ ನನ್ನ ರಿಜಿಸ್ಟರ್ ಇತ್ತು. ಹೆಡ್‌ಮಾಸ್ಟರು ಇಟ್ಟಿದ್ದರು. ಒಂಬತ್ತು ಸಾಲು. 'ಅನುಮೋದಿಸಿದೆ', ಸಹಿ.

ನಾನು ಹೆಡ್‌ಮಾಸ್ಟರ ಮುಖ ನೋಡಿದೆ. ಅವರು ಕಿಟಕಿಯ ಆಚೆ ಏನೋ ನೋಡುತ್ತಿದ್ದರು. "ಈಗಲೇ ಬೇಡ, ಇನ್ನಷ್ಟು ಸಾಲು ಆಗಲಿ" ಅಂದರು ಆಮೇಲೆ.

6 ಜುಲೈ, ಶುಕ್ರವಾರ

'ಯಾಕೆ ಬೇಕಿತ್ತು' ಎಂಬ ಕಾಲಮ್ಮು ಕಷ್ಟದ್ದು. ಮೊದಲ ವಾರ ಎಲ್ಲದಕ್ಕೂ 'ವಿಜ್ಞಾನ' ಎಂದು ಬರೆದೆ. ಅದು ಸುಳ್ಳಲ್ಲ, ನಿಜವೂ ಅಲ್ಲ. ಕೇಳದೆ ಬರೆಯಲು ಆಗುವುದಿಲ್ಲ. ಅದಕ್ಕೇ ಲ್ಯಾಬಿನಿಂದ ಒಂದು ಸ್ಟೂಲು ತಂದುಕೊಂಡಿದ್ದೇನೆ. ಕೆಂಪು ಕೈ ಬಂದವರ ಪಕ್ಕ ಹಾಕಿಕೊಂಡು ಕೂರುತ್ತೇನೆ.

ಮಕ್ಕಳು ಹೇಳುತ್ತವೆ. ಕೇಳಿದರೆ ಸಾಕು, ನಿಲ್ಲಿಸುವುದೇ ಇಲ್ಲ. ಚೆಸ್ಸಿನ ಪುಟ ಬೇಕಿದ್ದವಳಿಗೆ ತಾಲ್ಲೂಕು ಪಂದ್ಯ ಇದೆ. 'ಆಟ' ಎಂದಿರುವುದಕ್ಕೇ ತಡೆದಿದೆ. ಇನ್ನೊಬ್ಬಳ ಅಜ್ಜಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯದ ಚಿತ್ರ ನೋಡಬೇಕಿತ್ತು. ಒಬ್ಬಳು ಮಾತ್ರ ಸಿನಿಮಾ ನಟನ ಫೋಟೋ ನೋಡಲು ಹೋಗಿ ಸಿಕ್ಕಿಬಿದ್ದಳು. "ಇದನ್ನೂ ಬರೀತೀರಾ ಅಕ್ಕಾ?" ಅಂದಳು. ಬರೆದೆ. 'ಯಾಕೆ ಬೇಕಿತ್ತು: ಚೆನ್ನಾಗಿದ್ದಾನೆ.' ಅವಳು ನಗುತ್ತಾ ಬೆಂಚಿನಿಂದ ಬೀಳುವವಳಿದ್ದಳು. ನನಗೂ ನಗು ಬಂತು. ಜನವರಿಯಿಂದ ಮೊದಲ ಸಲ ಇರಬೇಕು.

ಶರಾವತಿಯದು ಹನ್ನೆರಡು ಸಾಲು. ಎಲ್ಲವೂ ಜೇನು.

"ನಮ್ಮೂರಲ್ಲಿ ನಮ್ಮಾವ ಜೇನು ಕೀಳೋಕೆ ಬೆಂಕಿ ಹಾಕ್ತಾನೆ ಅಕ್ಕ. ಹುಳ ಎಲ್ಲಾ ಸುಟ್ಟು ಬೀಳ್ತವೆ. ಹಂಗ್ ಮಾಡದೆ ತೆಗೆಯೋದು ಇದೆಯಂತಲ್ಲ?"

ನನಗೇನು ಗೊತ್ತು. ಅವಳು ಹೇಳಿದ ಹಾಗೇ ಬರೆದುಕೊಂಡೆ.

28 ಜುಲೈ, ಶನಿವಾರ

ಮೂವತ್ತೇಳು ಸಾಲು. ಓದದೆ ಸಹಿ. ಬಿಸಿಯೂಟದ ಕಲ್ಲಮ್ಮ ಕೇಳಿದಳು, "ಏನ್ ರಾಜಿ, ಅದೇನೋ ಪುಸ್ತಕ ಬರೀತೀಯಂತೆ, ಕಂಪ್ಯೂಟರ್ ವಿರುದ್ಧನೋ ಪರವಾಗೋ?"

ಇದ್ದದ್ದನ್ನು ಬರೆಯುತ್ತೇನೆ ಅಂದೆ.

"ನಿನ್ನ ಮಗಳನ್ನ ತಿಂದ ಮಿಷಿನ್ನು ಅದು."

ಪಾತ್ರೆ ತೊಳೆಯಲು ಎದ್ದೆ. ಅವಳು ಕೆಟ್ಟವಳಲ್ಲ. ಆ ವಾರ ನಮ್ಮ ಮನೆಗೆ ಮೂರು ಹೊತ್ತು ಗಂಜಿ ತಂದವಳು ಅವಳೇ.

10 ಆಗಸ್ಟ್, ಶುಕ್ರವಾರ

ಎರಡು ಕಂಪ್ಯೂಟರ್ ಕೆಟ್ಟಿದ್ದವು. ಶಿವಮೊಗ್ಗದಿಂದ ಜ್ಞಾನೇಶ್ ಬಂದಿದ್ದರು. ಚಿಕ್ಕ ಪ್ರಾಯ, ಮೆತ್ತಗೆ ಮಾತಾಡುತ್ತಾರೆ. ಕೆಲಸ ಆಗುವವರೆಗೆ ನಾನು ರೂಮಿನಲ್ಲಿ ಇರಬೇಕು. ಅವರ ಪರದೆಯಲ್ಲಿ ತಡೆದ ಪುಟಗಳ ಪಟ್ಟಿ ತೆರೆದಿತ್ತು. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಎರಡು ತಿಂಗಳು ನಾನೇ ಕೈಯಾರೆ ಬರೆದ ಹೆಸರುಗಳು, ಗುರುತು ಸಿಕ್ಕಿತು. ಜೇನಿನ ಪುಟಗಳೆಲ್ಲ ಒಂದೇ ಕಡೆ ಸಾಲಾಗಿದ್ದವು. ಪ್ರತಿಯೊಂದರ ಮುಂದೆ 'ಎಸ್ 7' ಎಂದಿತ್ತು.

"ಇದೇನು ಸಾರ್, ಎಸ್ ಏಳು?"

ಅವರು ತಂತಿ ಸುತ್ತಿದರು, ಬಿಚ್ಚಿದರು.

"ಸಾರ್."

"ಸಿಸ್ಟಂ ಏಳು, ಅಕ್ಕಾ." ತಲೆ ಎತ್ತಲಿಲ್ಲ. "ಜನವರಿಯಲ್ಲಿ ಕಾರ್ಯದರ್ಶಿಗಳು ಕರೆಸಿದ್ರು. ನಿಮ್ಮ ಮಗಳು ಕೂರ್ತಿದ್ದ ಮಿಷಿನ್ ಯಾವುದು ನೋಡಿ, ಅದರಲ್ಲಿ ಏನೇನ್ ನೋಡಿದಾಳೋ ಅಷ್ಟನ್ನೂ ಮೊದಲು ಮುಚ್ಚಿ ಅಂದ್ರು. ಮುಚ್ಚಿದೆ. ಒಂದೊಂದಾಗಿ ತೆರೆದು ನೋಡೋಕೆ… ನಂಗೆ ಮನಸ್ಸಾಗಲಿಲ್ಲ. ತೀರಿಹೋದ ಮಗು ಓದಿದ್ದನ್ನ ನಾನ್ಯಾಕೆ ನೋಡಲಿ ಅಂತ."

"ಅವರು ನೋಡಿದ್ರಾ?"

"ಇಲ್ಲ. ಅವರೂ ನೋಡಲಿಲ್ಲ."

ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ. ಮುಚ್ಚಿದೆವು.

ಪಟ್ಟಿಯನ್ನು ಪ್ರಿಂಟ್ ತೆಗೆದುಕೊಡಿ ಅಂದೆ. "ಕಾರ್ಯದರ್ಶಿಗಳನ್ನ ಕೇಳಬೇಕಲ್ಲಕ್ಕ" ಅಂದರು.

"ತೆರೆಯೋಕೆ ಅವರ ಸಹಿ ಬೇಕು. ನನ್ನ ಮಗಳು ಏನ್ ಓದಿದಳು ಅಂತ ನಾನು ತಿಳ್ಕೊಳೋಕೆ ಯಾರ ಸಹಿ ಬೇಕು ಸಾರ್?"

ಪ್ರಿಂಟ್ ಕೊಟ್ಟರು. ನಲವತ್ತಮೂರು ಹೆಸರು. ಬ್ಲೌಸಿನಲ್ಲಿ ಮಡಿಸಿಟ್ಟುಕೊಂಡು ಗಂಟೆ ಹೊಡೆದೆ. ಐದು ನಿಮಿಷ ಮುಂಚೆ ಹೊಡೆದುಬಿಟ್ಟೆನಂತೆ.

12 ಆಗಸ್ಟ್, ಭಾನುವಾರ

ಸತ್ಯಭಾಮಾ ಮಿಸ್ಸಿನ ಜೊತೆ ಶಿವಮೊಗ್ಗಕ್ಕೆ ಹೋಗಿದ್ದೆ. ಅವರ ಮನೆಯ ಹತ್ತಿರ ಒಂದು ಸೈಬರ್ ಸೆಂಟರ್ ಇದೆ. ಮಿಸ್ಸು ಓದಿ ಕನ್ನಡದಲ್ಲಿ ಹೇಳುತ್ತಿದ್ದರು, ನಾನು ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದೆ. ಎರಡೂವರೆ ಗಂಟೆ ಹಿಡಿಯಿತು. ಎಲ್ಲ ಬರೆದಿಡುತ್ತೇನೆ.

ಜೇನು, ಇಪ್ಪತ್ತಾರು ಪುಟ. ಗಣಿತದ ಹಳೆ ಪ್ರಶ್ನೆಪತ್ರಿಕೆ, ಐದು. ಮೆಹಂದಿ ಚಿತ್ರ, ನಾಲ್ಕು. ಗಾಂಧಾರಿ ಮೆಣಸಿನ ಗಿಡ, ಒಂದು. ಕೃಷಿ ಕಾಲೇಜು ಸೇರುವುದು ಹೇಗೆ, ಮೂರು. ಮೊಡವೆ, ಮೂರು. ಮೊಡವೆ ಬಗ್ಗೆ ನನ್ನನ್ನೇ ಕೇಳಬಹುದಿತ್ತು. ಕೇಳಿದ್ದಳು. ಮುಖ ತೊಳಿ ಹೋಗು ಅಂದಿದ್ದೆ.

ಕೊನೆಯದು ಜನ ಬರೆದು ಮಾತಾಡಿಕೊಳ್ಳುವ ಪುಟ. ಮಿಸ್ಸಿನ ಕೈ ಅಲ್ಲಿ ನಿಂತಿತು. "ತೆರೀಲಾ ರಾಜಮ್ಮಾ?"

ತೆರೆಯಿರಿ ಅಂದೆ. ಏಳು ತಿಂಗಳಿನಿಂದ ಹೆದರಿದ್ದು ಇದಕ್ಕೇ. ಹೆದರಿದ್ದು ಸಾಕು.

ಅದು ಜೇನು ಸಾಕುವವರು ಪ್ರಶ್ನೆ ಕೇಳಿ ಉತ್ತರ ಬರೆಯುವ ಪುಟ. ಮಿಸ್ಸು ಕೆಳಗೆ ಕೆಳಗೆ ಹೋಗಿ ಹುಡುಕಿದರು. ಭದ್ರಾವತಿಯ ಅಮೂಲ್ಯ. ತಪ್ಪು ತಪ್ಪು ಇಂಗ್ಲಿಷು ಎಂದು ಮಿಸ್ಸು ಹೇಳಿದರು, ಹೇಳುತ್ತಾ ಕನ್ನಡಕ ತೆಗೆದರು. ಅವಳು ಕೇಳಿದ್ದು ಇದು: ಸಾರ್, ನಮ್ಮ ಹಿತ್ತಿಲ ಗೋಡೆಯ ತೂತಿನಲ್ಲಿ ಚುಚ್ಚದ ಸಣ್ಣ ಕರಿ ಜೇನು ಇದೆ. ಅಮ್ಮ ನೊಣ ಅಂದುಕೊಂಡು ಸಿಮೆಂಟ್ ಹಾಕಿ ಮುಚ್ಚಲು ಹೇಳುತ್ತಿದ್ದಾರೆ. ಸಾಯಿಸದೆ ಪೆಟ್ಟಿಗೆಗೆ ತರುವುದು ಹೇಗೆ?

ಯಾರೋ ಹಿರಿಯರು ಉತ್ತರ ಬರೆದಿದ್ದಾರೆ. ಅದು ನಸರಿ ಜೇನು, ಬರೆದು ತಿಳಿಸುವುದು ಕಷ್ಟ, ನೋಡಿಯೇ ಕಲಿಯಬೇಕು. ಗುರುವಾರ ಬೆಳಗ್ಗೆ ನವುಲೆಯ ಕೃಷಿ ಕಾಲೇಜಿನಲ್ಲಿ ಜೇನುಪೆಟ್ಟಿಗೆ ತೆರೆದು ತೋರಿಸುತ್ತಾರೆ. ಮನೆಯ ಹಿರಿಯರನ್ನು ಜೊತೆಗೆ ಕರೆದುಕೊಂಡು ಬಾ ಮಗಳೇ.

ಮನೆಯ ಹಿರಿಯರು ನಾನು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ಮನೆಗೆ ಬಂದು ಸೀದಾ ಹಿತ್ತಿಲಿಗೆ ಹೋದೆ. ಗೋಡೆಗೆ ಸಿಮೆಂಟು ಬಿದ್ದಿರುತ್ತದೆ ಎಂದುಕೊಂಡಿದ್ದೆ, ಇವರು ಜೂನಿನಲ್ಲೇ 'ಮುಚ್ಚಿದೆ' ಅಂದಿದ್ದರು. ನಾನು ಆ ಕಡೆ ಹೋಗಿಯೇ ಇರಲಿಲ್ಲ. ತೂತು ಹಾಗೇ ಇತ್ತು. ಬಾಯಲ್ಲಿ ಮೇಣದ ಸಣ್ಣ ಕೊಳವೆ, ಅದರಿಂದ ಒಂದೊಂದೇ ಹೊರಗೆ ಬರುತ್ತಿದ್ದವು. ಇವರು ಹಿಂದೆ ಬಂದು ನಿಂತರು.

"ಮುಚ್ಚಿದೆ ಅಂದ್ರಲ್ಲ."

"ಮುಚ್ಚಬೇಡ ಅಪ್ಪಾ ಅಂದಿದ್ದಳು. ಅಮ್ಮಂಗೆ ಹೇಳಬೇಡ, ಪೆಟ್ಟಿಗೆ ಆದ್ಮೇಲೆ ತೋರಿಸೋಣ ಅಂದಿದ್ದಳು. ನಾನು ಹೆಂಗ್ ಮುಚ್ಚಲಿ ಮಾರಾಯ್ತಿ?"

ನವುಲೆಯದು ಇವರಿಗೂ ಗೊತ್ತಿರಲಿಲ್ಲ. ಹೇಳಿದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಬ್ಬರೂ ಕೂತೆವು, ಕತ್ತಲಾಗುವವರೆಗೆ. ಹುಳಗಳು ಒಳಗೆ ಹೋದವು.

13 ಆಗಸ್ಟ್, ಸೋಮವಾರ

ಒಂದು ಯೋಚನೆ ಬೆಳಗಿನಿಂದ ಕೊರೆಯುತ್ತಿದೆ. ಅವಳು ನವುಲೆಗೆ ಹೋದದ್ದು ಆ ಪುಟ ಓದಿಯೇ. ಹುಡುಗ ಇಲ್ಲ, ಯಾರೂ ಇಲ್ಲ. ಆದರೆ ಪುಟ ಇದೆ. 'ನೋಡಿ, ನಾನು ಹೇಳಲಿಲ್ಲವಾ' ಎಂದು ಕಾರ್ಯದರ್ಶಿಗಳು ಹೇಳಬಹುದು. ಮಿಸ್ಸು, "ಇದನ್ನ ಯಾರಿಗೂ ಹೇಳಬೇಡಿ ರಾಜಮ್ಮಾ, ನಮ್ಮ ಕೆಲಸ ಕೆಡುತ್ತೆ" ಅಂದರು.

ಮಿಸ್ಸು ನನಗಿಂತ ಓದಿದವರು. ಆದರೂ ನಾನು ಮುಚ್ಚುವುದಿಲ್ಲ. ಮುಚ್ಚಿದ್ದು ಸಾಕಾಗಿದೆ.

ರಿಜಿಸ್ಟರಿನಲ್ಲಿ ಅರವತ್ತೊಂದನೇ ಸಾಲು ಬರೆದೆ. ಹೆಸರು: ಅಮೂಲ್ಯ ಶಿವಮೂರ್ತಪ್ಪ. ತರಗತಿ: ಹತ್ತು. ಪುಟ: ಜೇನು ಸಾಕುವವರ ಪ್ರಶ್ನೋತ್ತರ. ಯಾಕೆ ಬೇಕಿತ್ತು: ಗೋಡೆಯಲ್ಲಿರುವ ಜೇನನ್ನು ಸಾಯಿಸದೆ ಪೆಟ್ಟಿಗೆಗೆ ತರಲು. ಅಮ್ಮ ಕೇಳಲಿಲ್ಲ, ಅದಕ್ಕೆ.

ಅಕ್ಷರ ದುಂಡಗೇ ಬಂತು.

25 ಆಗಸ್ಟ್, ಶನಿವಾರ

ಇವತ್ತು ಓದುತ್ತಾರೆ ಎಂದುಕೊಂಡಿದ್ದೆ. ಅವಳ ಹೆಸರು ಕಣ್ಣಿಗೆ ಬಿದ್ದರೆ ಕೈ ನಿಲ್ಲುತ್ತದೆ ಎಂದುಕೊಂಡಿದ್ದೆ. ಮೇಜಿನ ಪಕ್ಕದಲ್ಲೇ ನಿಂತಿದ್ದೆ. ಫೋನಿನಲ್ಲಿ ಯಾರಿಗೋ "ಗೌರಿ ಹಬ್ಬದೊಳಗೆ ಮಾಲು ಬರಬೇಕು" ಎನ್ನುತ್ತಾ ಹಾಳೆ ತಿರುವಿದರು. 'ಅನುಮೋದಿಸಿದೆ'. ಸಹಿಯ ಬಾಲ ಅವಳ ಹೆಸರಿನ ಮೇಲೆ ಹೋಯಿತು.

ಬಾಗಿಲ ಮೇಲೆ ಆ ಹೆಸರನ್ನು ಅಷ್ಟು ದೊಡ್ಡದಾಗಿ ಬರೆಸಿದವರು.

ಹೊರಗೆ ಬಂದು ಹೆಡ್‌ಮಾಸ್ಟರಿಗೆ ಹೇಳಿದೆ, "ಸಾಲು ಸಾಕು ಸಾರ್. ಜ್ಞಾನೇಶ್ ಅವರನ್ನ ಕರೆಸಿ."

27 ಆಗಸ್ಟ್, ಸೋಮವಾರ

ಜ್ಞಾನೇಶ್ ಮೂರು ತಿಂಗಳ ಸಹಿಯನ್ನೂ ನೋಡಿದರು. ಪೂರ್ತಿ ಓದಿದರು, ಅರವತ್ತೆಂಟು ಸಾಲು. ನಟನ ಸಾಲು ಬಂದಾಗ ನಕ್ಕರು. ಅರವತ್ತೊಂದನೆಯದು ಬಂದಾಗ ನನ್ನ ಮುಖ ನೋಡಿದರು. ಆಮೇಲೆ ಕೀಲಿಮಣೆ ಹತ್ತಿರ ಎಳೆದುಕೊಂಡರು.

"ಸಹಿ ಇದೆಯಲ್ಲಕ್ಕ. ಸಹಿ ಇದ್ರೆ ತೆರೀಬಹುದು ಅಂತ ಅವರೇ ಹೇಳಿದ್ದು."

ಶರಾವತಿ ಏಳನೇ ನಂಬರಿನಲ್ಲಿ ಕೂತು ರಾಣಿಹುಳದ ಚಿತ್ರ ತೆರೆದಳು. ಕೆಂಪು ಕೈ ಬರಲಿಲ್ಲ. ಇಡೀ ರೂಮು ಅವಳ ಹಿಂದೆ ನಿಂತಿತ್ತು.

1 ಸೆಪ್ಟೆಂಬರ್, ಶನಿವಾರ

ಯಾರೋ ಅಂಗಡಿಗೆ ಹೋಗಿ ಹೇಳಿದ್ದಾರೆ. ಹನ್ನೊಂದು ಗಂಟೆಗೆ ಕಾರ್ಯದರ್ಶಿಗಳು ಬಂದರು. ಚಪ್ಪಲಿಯನ್ನೂ ಬಿಡಲಿಲ್ಲ. ಹೆಡ್‌ಮಾಸ್ಟರ ರೂಮಿಗೆ ನನ್ನನ್ನೂ ಮಿಸ್ಸನ್ನೂ ಕರೆಸಿದರು.

"ಯಾರಪ್ಪನ ಅಪ್ಪಣೆ ಮೇಲೆ ತೆರೆದ್ರಿ?"

ಹೆಡ್‌ಮಾಸ್ಟರು ರಿಜಿಸ್ಟರ್ ಮುಂದಿಟ್ಟರು. "ತಮ್ಮದೇ ಸಾರ್."

ಅವರು ತಮ್ಮ ಸಹಿಯನ್ನು ನೋಡಿದರು. ಮುಖ ಕೆಂಪಾಯಿತು. "ಬಿಸಿಯೂಟದ ಜೊತೆ ಸೇರಿಸಿ ಮೋಸ ಮಾಡಿದೀರಿ. ಇದನ್ನ ರದ್ದು ಮಾಡ್ತೀನಿ. ಪೆನ್ನು ಕೊಡಿ."

"ಮಾಡಬಹುದು ಸಾರ್. ತಮಗೆ ಅಧಿಕಾರ ಇದೆ" ಎಂದು ಹೆಡ್‌ಮಾಸ್ಟರು ಕೆಂಪು ಪೆನ್ನು ಕೊಟ್ಟರು. "ಆದರೆ ಮೊಹರು ಬಿದ್ದಿರೋ ರಿಜಿಸ್ಟರು. ಒಂದೇ ಗೀಟು ಎಳೆಯೋ ಹಾಗಿಲ್ಲ. ಪ್ರತಿ ಸಾಲಿಗೂ ರದ್ದು ಮಾಡಿದ ಕಾರಣ ಬರೆದು ಸಹಿ ಹಾಕಬೇಕು. ಈ ನಿಯಮ ತಾವೇ ತಂದದ್ದು, ಸೀಮೆಸುಣ್ಣದ ಗಲಾಟೆ ಆದಾಗ."

ಅವರು ಕುರ್ಚಿ ಎಳೆದು ಕೂತರು. ಓದಲು ಶುರು ಮಾಡಿದರು. ಮೊದಲನೆಯದು ದಾಸವಾಳದ್ದು. ಪೆನ್ನು ಹಿಡಿದು ತುಂಬ ಹೊತ್ತು ಕೂತು 'ಅನಾವಶ್ಯಕ' ಎಂದು ಬರೆದರು. ಚೆಸ್ಸಿಗೆ ಏನು ಬರೆಯುವುದೆಂದು ತಿಳಿಯದೆ ಬಿಟ್ಟರು. ಅಜ್ಜಿಯ ಕಾಲಿನ ಗಾಯ, ಬಿಟ್ಟರು. ನಟನದಕ್ಕೆ ಗೀಟು ಬಿತ್ತು. ನಾವು ಮೂವರೂ ನಿಂತೇ ಇದ್ದೆವು.

ಅರವತ್ತೊಂದು ಬಂತು. ಓದಿದರು. ಮತ್ತೆ ಓದಿದರು.

"ಏನಮ್ಮಾ ಇದು?"

ನಾನು ಜನರ ಮುಂದೆ ಮಾತಾಡುವವಳಲ್ಲ. ಮೇಜಿನ ಅಂಚು ಹಿಡಿದುಕೊಂಡು ಹೇಳಿದೆ. ಸೈಬರ್ ಸೆಂಟರಿನದು, ಪಟ್ಟಿಯದು, ಗೋಡೆಯದು, ಎಲ್ಲ. ಗುರುವಾರದ ಉತ್ತರವನ್ನೂ ಹೇಳಿದೆ. ಮಿಸ್ಸು ನನ್ನ ಸೆರಗು ಎಳೆದರು. ಆದರೂ ಹೇಳಿದೆ.

"ಹಂಗಾದ್ರೆ ನಾನು ಹೇಳಿದ್ದೇ ನಿಜ ಆಯ್ತಲ್ಲಮ್ಮಾ" ಅಂದರು. ಧ್ವನಿಯಲ್ಲಿ ಗೆದ್ದ ಹಾಗೆ ಇರಲಿಲ್ಲ. "ಕಂಪ್ಯೂಟರ್ ನೋಡಿಯೇ ಹೋದಳು."

"ಹೌದು ಸಾರ್. ನೋಡಿಯೇ ಹೋದಳು. ಅದರಲ್ಲಿ ಹಿರಿಯರನ್ನ ಕರ್ಕೊಂಡು ಬಾ ಅಂತ ಬರೆದಿತ್ತು. ಕರೆಯೋಕೆ ಅವಳಿಗೆ ಯಾರೂ ಇರಲಿಲ್ಲ. ನಾನು ಬೇಡ ಅಂತಿದ್ದೆ, ಸ್ಕೂಲಲ್ಲಿ ಕೇಳಿದ್ರೆ ಓದ್ಕೋ ಹೋಗು ಅಂತಿದ್ದರು. ಜೊತೆಗೆ ಒಬ್ಬರು ಹೋಗಿದ್ರೆ ರಸ್ತೆ ದಾಟಿಸ್ತಿದ್ರು. ಅಷ್ಟೇ ಬೇಕಾಗಿದ್ದು. ಕವಚ ಅಲ್ಲ."

ಅರವತ್ತೊಂದನೇ ಸಾಲಿನ ಮೇಲೆ ಬೆರಳಿಟ್ಟೆ.

"ನೀವು ಮುಚ್ಚಿದ್ದು ಅವಳು ಓದಿದ್ದನ್ನ ಸಾರ್. ಒಂದನ್ನೂ ತೆರೆದು ನೋಡದೆ. ಊರು ಏನ್ ಹೇಳ್ತೋ ಅದಕ್ಕೆ ಮೊಹರು ಒತ್ತಿದ ಹಾಗಾಯ್ತು. ನಾನೂ ಒತ್ತಿದೆ, ಸುಳ್ಳು ಹೇಳಲ್ಲ. ಈಗ ರದ್ದು ಮಾಡೋದಾದ್ರೆ ಮಾಡಿ. ಆ ಸಾಲಿಗೂ ಕಾರಣ ಬರೀರಿ. ನಾನು ಇಲ್ಲೇ ನಿಂತು ಓದ್ತೀನಿ."

ಅವರು ಪೆನ್ನನ್ನು ಬಹಳ ಹೊತ್ತು ಹಾಳೆಯ ಮೇಲೆ ಹಿಡಿದಿದ್ದರು. ಕೆಂಪು ಶಾಯಿಯ ಒಂದು ಚುಕ್ಕೆ ಬಿತ್ತು. ಪೆನ್ನನ್ನು ಮುಚ್ಚಿದರು.

"ಟಿ.ಸಿ. ಕೇಳೋಕೆ ಬರೋ ತಂದೆತಾಯಿಗಳಿಗೆ ನಾನೇನು ಹೇಳಲಿ?" ಅಂದರು. ಬೈಗುಳವಲ್ಲ, ನಿಜವಾಗಿ ಕೇಳಿದರು.

ಅದಕ್ಕೆ ಮಿಸ್ಸು ಹೇಳಿದರು, ಮಕ್ಕಳು ಕೂತಾಗ ರೂಮಿನಲ್ಲಿ ಒಬ್ಬರು ದೊಡ್ಡವರು ಇರುತ್ತಾರೆ, ಪಾಳಿ ಹಾಕಿಕೊಳ್ಳುತ್ತೇವೆ, ಯಾವ ಪುಟ ನಂಬಬಹುದು ಯಾವುದು ಬೇಡ ಎಂದು ವಾರಕ್ಕೊಂದು ಪೀರಿಯಡ್ ಕಲಿಸುತ್ತೇವೆ, ತಂದೆತಾಯಿಗಳೇ ಬಂದು ಪಕ್ಕದಲ್ಲಿ ಕೂತು ನೋಡಲಿ. ಷಡಕ್ಷರಪ್ಪನವರು ಎದ್ದು ನಿಂತು, "ಕೆಟ್ಟ ಪದಗಳ ಪಟ್ಟಿ ಹಾಗೇ ಇರಲಿ. ಎಸ್ ಏಳರದ್ದು ತೆರೆದೇ ಇರಲಿ. ಏನಾದ್ರೂ ಆದ್ರೆ ಹೊಣೆ ನಿಮ್ಮದು" ಅಂದರು.

"ನಮ್ಮದೇ ಸಾರ್. ಇನ್ನೊಂದು ಮಾತು. ಹಲಗೆ ತೆಗೀತೀನಿ. ಕೆಂಪು ಕೈ ಕೆಳಗಿನ ಹೆಸರೂ ಬೇಡ" ಅಂದೆ.

"ಅದು ಅವಳ ನೆನಪಿಗೆ ಅಂತ ಹಾಕಿಸಿದ್ದಮ್ಮಾ."

"ಪುಟ ತೆರೆಯದೇ ಇದ್ರೆ ಮಕ್ಕಳು ಅವಳ ಹೆಸರು ಹೇಳ್ತಾವೆ ಸಾರ್. ಅಮೂಲ್ಯ ಬಂತು ಅಂತಾವೆ."

ಅವರಿಗೆ ಅದು ಗೊತ್ತಿರಲಿಲ್ಲ. ಚಪ್ಪಲಿ ಹಾಕಿಕೊಂಡೇ ಒಳಗೆ ಬಂದಿರುವುದನ್ನು ಆಗ ನೋಡಿಕೊಂಡರು. ಹೊರಗೆ ಹೋದರು.

ಸ್ಟೂಲು ಹತ್ತಿ ನಾಲ್ಕು ಸ್ಕ್ರೂ ಬಿಚ್ಚಿದೆ. ಭಾರ ಇತ್ತು. ಹೆಡ್‌ಮಾಸ್ಟರು ಕೆಳಗಿನಿಂದ ಹಿಡಿದುಕೊಂಡರು.

6 ಸೆಪ್ಟೆಂಬರ್, ಗುರುವಾರ

ಒಂಬತ್ತನೇ ಕ್ಲಾಸಿನ ಹನ್ನೊಂದು ಮಕ್ಕಳು, ಮಿಸ್ಸು, ನಾನು. ಇವರು ಪಾಳಿ ಬದಲಿಸಿಕೊಂಡು ಬಂದರು. ಬಸ್ಸಿನಲ್ಲಿ ಮಕ್ಕಳು ಹಾಡು ಹೇಳಿದವು. ನವುಲೆಯಲ್ಲಿ ಇಳಿದಾಗ ನನ್ನ ಕಾಲು ಮುಂದೆ ಹೋಗಲಿಲ್ಲ. ಮಕ್ಕಳಿಗೆ ಗೊತ್ತಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ, ಒಂದರ ಕೈ ಒಂದು ಹಿಡಿದುಕೊಂಡವು. ನನ್ನ ಕೈ ಶರಾವತಿ ಹಿಡಿದಳು. ಎರಡು ಕಡೆಯೂ ನೋಡಿದೆವು. ಒಂದು ಲಾರಿ ಹೋಗಲಿ ಎಂದು ನಿಂತೆವು. ದಾಟಿದೆವು.

ಕಾಲೇಜಿನವರು ಪೆಟ್ಟಿಗೆ ತೆರೆದು ತೋರಿಸಿದರು. ಶರಾವತಿ ಹದಿನಾಲ್ಕು ಪ್ರಶ್ನೆ ಬರೆದುಕೊಂಡು ಬಂದಿದ್ದಳು. ಹದಿನಾಲ್ಕನೆಯದು ಬೆಂಕಿಯದು. ಬೆಂಕಿ ಬೇಡ, ಸ್ವಲ್ಪ ಹೊಗೆ ಸಾಕು ಎಂದು ಅವರು ಮಾಡಿ ತೋರಿಸಿದಾಗ, "ನಮ್ಮಾವಂಗೆ ನೀವೇ ಬಂದು ಹೇಳಬೇಕು ಸಾರ್, ನನ್ನ ಮಾತು ಕೇಳಲ್ಲ" ಅಂದಳು. ನಸರಿಯನ್ನು ಗೋಡೆಯಿಂದ ಪೆಟ್ಟಿಗೆಗೆ ತರುವುದು ಹೇಗೆಂದು ನಾನು ಕೇಳಿದೆ. ಇವರು ಅಳತೆ ಬರೆದುಕೊಂಡರು.

ಸಂಜೆ ಇವರು ಆ ಹಲಗೆಯನ್ನೇ ಗರಗಸಕ್ಕೆ ಕೊಟ್ಟಿದ್ದಾರೆ. ಒಳ್ಳೆಯ ಮರ, ಪೆಟ್ಟಿಗೆಗೆ ಸರಿಹೋಗುತ್ತದೆ ಅಂದರು. ಬಣ್ಣ ಕೆರೆಯಬೇಕಾ ಎಂದು ಕೇಳಿದರು. ಹೆಸರು ಇರುವ ತುಂಡನ್ನು ಕೆರೆಯದೆ ಪೆಟ್ಟಿಗೆಯ ಹೊರಗೆ, ಮುಚ್ಚಳದ ಮೇಲೆ ಹಾಕಿ ಅಂದೆ. 'ಅಮೂಲ್ಯ' ಅಷ್ಟೇ ಇರಲಿ, ಉಳಿದ ಎರಡು ಪದ ಬೇಡ.

ನಾಳೆ ಶುಕ್ರವಾರ. ಊಟದ ಬಿಡುವಿನಲ್ಲಿ ಕೂರಲು ಏಳನೇ ನಂಬರಿಗೆ ನಾಲ್ಕು ಮಕ್ಕಳು ಹೆಸರು ಕೊಟ್ಟಿದ್ದಾರೆ. 'ಅನಾವಶ್ಯಕ' ಎಂದು ರದ್ದಾದ ದಾಸವಾಳದ ಪುಟ ತೆರೆಯುತ್ತಿಲ್ಲ. ಅರವತ್ತೊಂಬತ್ತನೇ ಸಾಲಿನಿಂದ ಮತ್ತೆ ಶುರು. ಲ್ಯಾಬಿನಿಂದ ಇನ್ನೊಂದು ಸ್ಟೂಲು ತರಬೇಕು. ಶರಾವತಿಯ ಅಮ್ಮ ಬರುತ್ತೇನೆ ಅಂದಿದ್ದಾರೆ.